ಮಹಿಳಾ ಬ್ಯಾರಕ್ಕಿನಲ್ಲಿ ಎಚ್‌ಐವಿ ಪಾಠ ಹೇಳಲು ಹೊರಟವರಿಗೆ

ಮೊದಲ ಸಲ ಜೈಲಿಗೆ ಪಾಠ ಹೇಳಲು ಹೋದಾಗ ನಾನು ಚಾರ್ಟ್ ಬಿಡಿಸಿ, ದೊಡ್ಡ ದನಿಯಲ್ಲಿ, ‘ಇವತ್ತು ಎಚ್‌ಐವಿ ಬಗ್ಗೆ ಮಾತಾಡೋಣ’ ಅಂದೆ. ಬೇವಿನ ಮರದ ಕೆಳಗೆ ಮೂವತ್ತೈದು ಹೆಂಗಸರು ಕೂತಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬಳು ನೀರು ಕುಡಿಯಲು ಎದ್ದು ಹೋದವಳು ವಾಪಸ್ ಬರಲೇ ಇಲ್ಲ. ಮುಕ್ಕಾಲು ಗಂಟೆ ನಾನೊಬ್ಬಳೇ ಮಾತಾಡಿದೆ.

ಎದ್ದು ಹೋದವಳಿಗೆ ಎಚ್‌ಐವಿ ಇತ್ತು. ಜೈಲಿಗೆ ಬಂದ ದಿನದಿಂದ ಮಾತ್ರೆ ನಿಲ್ಲಿಸಿದ್ದಳು. ಇದು ನನಗೆ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ, ಅವಳೇ ಹೇಳಿದಾಗ. ‘ನೀವು ನನ್ನನ್ನ ನೋಡ್ಕೋತ ಹೇಳಿದಂಗ ಆತ್ರಿ ಅಕ್ಕಾರ. ಎಲ್ಲಾರಿಗೂ ತಿಳೀತೇನೋ ಅಂತ ಎದಿ ಡವಡವ ಅಂತು.’

ನಾನು ತಾಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಆಪ್ತ ಸಮಾಲೋಚನೆ ಮತ್ತು ಪರೀಕ್ಷೆ ನಡೆಯುವ ಕೋಣೆಯಲ್ಲಿ, ಹದಿನಾಲ್ಕು ವರ್ಷ ಕೆಲಸ ಮಾಡಿದವಳು. ಅದರಲ್ಲಿ ಆರು ವರ್ಷ ಪ್ರತಿ ಬುಧವಾರ ಉತ್ತರ ಕರ್ನಾಟಕದ ಒಂದು ಜೈಲಿನ ಮಹಿಳಾ ವಿಭಾಗಕ್ಕೆ ಹೋಗಿದ್ದೇನೆ. ಹೊಸದಾಗಿ ಹೋಗುವ ನರ್ಸ್, ಕೌನ್ಸೆಲರ್, ಸಂಸ್ಥೆಯ ಹುಡುಗಿಯರು ಆಗಾಗ ಫೋನ್ ಮಾಡಿ ‘ಏನು ಹೇಳಬೇಕು ಮೇಡಂ?’ ಅಂತ ಕೇಳುತ್ತಾರೆ. ಏನು ಹೇಳಬೇಕು ಅನ್ನುವುದು ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ. ಕಷ್ಟ ಇರುವುದು ಬೇರೆ ಕಡೆ. ಜೈಲಿನಲ್ಲಿ ಗೋಡೆ ಬೇಕಾದಷ್ಟಿದೆ, ಮರೆ ಇಲ್ಲ. ಮಲಗುವುದು ಎಲ್ಲರ ನಡುವೆ, ಅಳುವುದು ಎಲ್ಲರ ನಡುವೆ, ಮಾತ್ರೆ ನುಂಗುವುದೂ ಎಲ್ಲರ ಕಣ್ಣೆದುರಿಗೆ. ಅಂಥ ಜಾಗದಲ್ಲಿ ಒಬ್ಬ ಹೆಂಗಸು ಯಾರಿಗೂ ಕಾಣದ ಹಾಗೆ ನಿಮ್ಮನ್ನು ಒಂದು ಮಾತು ಕೇಳುವುದು ಹೇಗೆ? ನಿಮ್ಮ ಎಲ್ಲ ತಯಾರಿಯೂ ಇದರ ಸುತ್ತ ಇರಲಿ.

ಒಳಗೆ ಹೋಗುವ ಮೊದಲು

ಜೈಲು ಸೂಪರಿಂಟೆಂಡೆಂಟರಿಗೆ ಕೊಡುವ ಅನುಮತಿ ಪತ್ರದಲ್ಲಿ ನೀವು ಒಯ್ಯುವ ಒಂದೊಂದು ಸಾಮಾನನ್ನೂ ಬರೆಯಿರಿ. ಚಾರ್ಟ್, ಸ್ಕೆಚ್ ಪೆನ್, ಬಟ್ಟೆ ಚೀಲ, ಕಾಂಡೋಮ್ ಎಷ್ಟು, ಪ್ಯಾಡ್ ಎಷ್ಟು. ಪತ್ರದಲ್ಲಿ ಇಲ್ಲದ್ದು ಗೇಟಿನಲ್ಲೇ ಉಳಿಯುತ್ತದೆ. ಅಲ್ಲಿ ವಾದ ಮಾಡಿದರೆ ಅರ್ಧ ಗಂಟೆ ಹೋಗುತ್ತದೆ, ಗೇಟಿನವರ ಮನಸ್ಸೂ ಕೆಡುತ್ತದೆ.

ಮುಲಾಕಾತ್, ಅಂದರೆ ಮನೆಯವರ ಭೇಟಿ, ಇರುವ ದಿನ ಬೇಡ. ಮಗನನ್ನು ನೋಡಲು ಕಾಯುತ್ತಿರುವವಳ ಕಿವಿಗೆ ನಿಮ್ಮ ಮಾತು ಬೀಳುವುದಿಲ್ಲ. ಬೆಳಗಿನ ಎಣಿಕೆ, ತಿಂಡಿ ಮುಗಿದ ಮೇಲಿನ ಹೊತ್ತು ಒಳ್ಳೆಯದು.

ಇನ್ನೊಂದು ಮುಖ್ಯವಾದ ಮಾತು. ಮಹಿಳಾ ವಾರ್ಡರ್ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ‘ನಿಮಗೆ ನಾವು ಕಾಣಬೇಕು, ನಮ್ಮ ಮಾತು ಕೇಳಬಾರದು’ ಅಂತ ನಾನು ಕೇಳಿಕೊಳ್ಳುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ. ಅವರಿಗೂ ಬೇರೆ ದಿನ ಪಾಠ ಮಾಡಿ. ವಾರ್ಡರುಗಳಿಗೂ ಬಿಳುಪು (ಬಿಳಿ ಸ್ರಾವ) ಹೋಗುತ್ತದೆ, ಅವರಿಗೂ ಹೇಳಿಕೊಳ್ಳಲು ಯಾರೂ ಇಲ್ಲ. ನನ್ನ ಕೆಲಸಕ್ಕೆ ಅತಿ ಜಾಸ್ತಿ ಸಹಾಯ ಮಾಡಿದ್ದು ಹೀಗೆ ಪಾಠ ಕೇಳಿದ ಇಬ್ಬರು ವಾರ್ಡರುಗಳು.

ಎಚ್‌ಐವಿಯಿಂದ ಶುರು ಮಾಡಬೇಡಿ

ಮೊದಲ ಎರಡು ಮೂರು ವಾರ ಆ ಹೆಸರೇ ಎತ್ತಬೇಡಿ. ಮುಟ್ಟಿನಿಂದ ಶುರು ಮಾಡಿ. ಪ್ಯಾಡ್ ಸಾಲುತ್ತದಾ? ಬಟ್ಟೆ ಒಗೆದರೆ ಒಣಗಿಸುವುದು ಎಲ್ಲಿ? ಎಷ್ಟು ಬಕೆಟ್ ನೀರು ಸಿಗುತ್ತದೆ? ಜೈಲಿಗೆ ಬಂದ ಮೇಲೆ ಎಷ್ಟೋ ಜನರಿಗೆ ಮುಟ್ಟು ಏರುಪೇರಾಗುತ್ತದೆ, ಚಿಂತೆಯಿಂದ ನಿಂತುಹೋಗುವುದೂ ಉಂಟು. ಬಸುರಿ ಆಗಿದ್ದೇನೋ ಅಂತ ಒಳಗೊಳಗೇ ಹೆದರಿ ಕೂತಿರುತ್ತಾರೆ. ಅದನ್ನು ಬಿಡಿಸಿ ಹೇಳಿ, ಬೇಕಾದವರಿಗೆ ಪರೀಕ್ಷೆ ಮಾಡಿಸಿ. ಹೇನು, ಉರಿಮೂತ್ರ, ಬೆನ್ನುನೋವು, ನಿದ್ದೆ ಬರದೇ ಇರುವುದು, ಇವೆಲ್ಲ ಅವರ ದಿನದಿನದ ಕಷ್ಟ. ಇದಕ್ಕೆ ಕಿವಿ ಕೊಟ್ಟವರನ್ನು ಮಾತ್ರ ಅವರು ನಂಬುತ್ತಾರೆ.

ಮೂರನೇ ವಾರ ಬಿಳುಪಿಗೆ ಬನ್ನಿ. ಸ್ವಲ್ಪ ಬಿಳುಪು ಹೋಗುವುದು ರೋಗವಲ್ಲ. ತುರಿಕೆ, ಕೆಟ್ಟ ವಾಸನೆ, ಮೊಸರಿನ ಗಟ್ಟಿಯಂತೆ ಅಥವಾ ಹಸಿರು ಹಳದಿ ಬಣ್ಣದಲ್ಲಿ ಹೋಗುವುದು, ಕೆಳಹೊಟ್ಟೆ ನೋವು, ಕೆಳಗೆ ಹುಣ್ಣು, ಇವು ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿನಲ್ಲಿ ಔಷಧಿ ಪುಕ್ಕಟೆ. ಹುಣ್ಣು ನೋಯದಿದ್ದರೂ ಬಿಡಬಾರದು, ಸಿಫಿಲಿಸ್‌ನ ಹುಣ್ಣು ಹಾಗೇ ಇರುತ್ತದೆ. ಹುಣ್ಣು, ಸೋಂಕು ಇದ್ದ ಜಾಗದಲ್ಲಿ ಎಚ್‌ಐವಿ ಸುಲಭವಾಗಿ ಒಳಗೆ ಹೋಗುತ್ತದೆ. ಇಲ್ಲಿಗೆ ಬರುವ ಹೊತ್ತಿಗೆ ಎಚ್‌ಐವಿ ಅನ್ನುವ ಮಾತು ತಾನಾಗಿಯೇ ಬಂದಿರುತ್ತದೆ. ಮರದ ಕೆಳಗೆ ಚಾರ್ಟ್ ಬಿಡಿಸಿದ ಹಾಗಿರುವುದಿಲ್ಲ.

ಮಾತು ಅವರದ್ದೇ ಇರಲಿ. ‘ಲೈಂಗಿಕ ಸಂಪರ್ಕ’ ಅಂದರೆ ಅರ್ಧ ಜನ ತಲೆ ತಗ್ಗಿಸುತ್ತಾರೆ, ಉಳಿದವರಿಗೆ ತಿಳಿಯುವುದಿಲ್ಲ. ‘ಗಂಡಸಿನ ಜೊತೆ ಕೂಡಿದಾಗ’ ಅಂದರೆ ಸಾಕು.

ಹುಣಸೆ ಬೀಜ ಮತ್ತು ಕಡಲೆ

ಪ್ರಶ್ನೆ ಪೆಟ್ಟಿಗೆ ಇಡಿ ಅಂತ ತರಬೇತಿಯಲ್ಲಿ ಹೇಳುತ್ತಾರೆ. ನಮ್ಮ ಬ್ಯಾರಕ್ಕಿನಲ್ಲಿ ಓದು ಬರಹ ಬಂದವರು ಕಡಿಮೆ ಇದ್ದರು. ಬರೆಯಲು ಬೇರೆಯವರನ್ನು ಕೇಳಬೇಕಾದರೆ ಗುಟ್ಟು ಎಲ್ಲಿ ಉಳಿಯುತ್ತದೆ? ಅದಕ್ಕೆ ನಾನು ಹುಣಸೆ ಬೀಜ ಹಿಡಿದೆ.

ಪ್ರತಿಯೊಬ್ಬರಿಗೂ ನಾಲ್ಕು ಹುಣಸೆ ಬೀಜ, ನಾಲ್ಕು ಕಡಲೆ ಕಾಳು ಕೊಡಿ. ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಹೋಗಲಿ. ನೀವು ಒಂದು ಮಾತು ಹೇಳಿ: ‘ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುತ್ತದೆ.’ ಹೌದು ಅನ್ನುವವರು ಹುಣಸೆ ಬೀಜ ಹಾಕಲಿ, ಅಲ್ಲ ಅನ್ನುವವರು ಕಡಲೆ. ಮುಷ್ಟಿ ಚೀಲದೊಳಗೆ ಹೋಗಿ ಬರುತ್ತದೆ, ಯಾರು ಏನು ಹಾಕಿದರು ಅಂತ ಪಕ್ಕದವಳಿಗೂ ತಿಳಿಯುವುದಿಲ್ಲ. ಆಮೇಲೆ ಎಲ್ಲರ ಮುಂದೆ ಸುರಿದು ಎಣಿಸಿ. ನಮ್ಮಲ್ಲಿ ಮೊದಲ ದಿನ ಅರ್ಧಕ್ಕಿಂತ ಜಾಸ್ತಿ ಹುಣಸೆ ಬೀಜ ಬಿದ್ದವು. ‘ನೋಡ್ರವ್ವಾ, ಇಷ್ಟು ಮಂದಿ ಹಂಗ ತಿಳಕೊಂಡೀವಿ’ ಅಂದೆ. ಯಾರಿಗೂ ನಾಚಿಕೆ ಆಗಲಿಲ್ಲ, ಎಲ್ಲರೂ ಬಾಗಿ ಎಣಿಸುತ್ತಿದ್ದರು.

ನಾಲ್ಕನೇ ಮಾತು ಮಾತ್ರ ಬೇರೆ ಥರ ಇಡಿ: ‘ನನಗೆ ಒಬ್ಬಳೇ ಕೂತು ಅಕ್ಕನ ಹತ್ತಿರ ಕೇಳುವುದು ಇದೆ.’ ಎಷ್ಟು ಬೀಜ ಬಿದ್ದವು ಅಂತ ನೀವು ಮಾತ್ರ ನೋಡಿಕೊಳ್ಳಿ. ಮುಂದಿನ ವಾರ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಅಂತ ಅದರಿಂದ ಗೊತ್ತಾಗುತ್ತದೆ.

ಸೊಳ್ಳೆ, ಶೌಚಾಲಯ, ತಟ್ಟೆ, ಕಂಬಳಿ, ಬೆವರು, ಕೆಮ್ಮು, ಇವುಗಳಿಂದ ಎಚ್‌ಐವಿ ಬರುವುದಿಲ್ಲ. ಇದನ್ನು ಹತ್ತು ಸಲ ಹೇಳಿ. ಬ್ಯಾರಕ್ಕಿನಲ್ಲಿ ಇದು ಬರೀ ತಿಳುವಳಿಕೆಯ ವಿಷಯವಲ್ಲ. ಅನುಮಾನ ಬಂದ ಒಬ್ಬಳ ತಟ್ಟೆಯನ್ನು ಬೇರೆ ಇಟ್ಟರೆ ಅವಳು ಆವತ್ತಿನಿಂದ ಒಂಟಿ. ಎಚ್‌ಐವಿ ಹರಡುವುದು ರಕ್ಷಣೆ ಇಲ್ಲದೆ ಕೂಡಿದಾಗ, ಸೋಂಕಿದ ರಕ್ತ ಅಥವಾ ಸೂಜಿಯಿಂದ, ತಾಯಿಯಿಂದ ಮಗುವಿಗೆ ಬಸುರಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ. ಜೈಲಿನೊಳಗೆ ಗಮನ ಇಡಬೇಕಾದದ್ದು ಹಂಚಿಕೊಂಡ ಬ್ಲೇಡು, ಹಚ್ಚೆ ಚುಚ್ಚುವ ಸೂಜಿ, ನಶೆಯ ಸೂಜಿ. ಇವುಗಳಿಂದ ಹೆಪಟೈಟಿಸ್ ಬಿ ಮತ್ತು ಸಿ ಕೂಡ ಬರುತ್ತವೆ. ತೋಳಿನ ಮೇಲೆ ಮಕ್ಕಳ ಹೆಸರು ಚುಚ್ಚಿಸಿಕೊಳ್ಳುವ ಆಸೆ ಒಳಗಿರುವ ತಾಯಂದಿರಿಗೆ ಬಹಳ. ಬಯ್ಯಬೇಡಿ. ಸೂಜಿ ಬೇಡ, ಹೆಸರನ್ನು ಬಟ್ಟೆಯ ಮೇಲೆ ಕಸೂತಿ ಮಾಡೋಣ ಅಂತ ಹೇಳಿದ್ದು ನಮ್ಮಲ್ಲಿ ನಡೆಯಿತು.

‘ನಾ ಗಂಡನ್ನ ಬಿಟ್ಟು ಇನ್ನೊಬ್ಬರನ್ನ ನೋಡಿದಾಕಿ ಅಲ್ಲ, ನಂಗ ಹ್ಯಾಂಗ ಬಂತು?’ ಈ ಪ್ರಶ್ನೆ ಬಂದೇ ಬರುತ್ತದೆ. ಎಲ್ಲರೆದುರು ಅವಳ ಗಂಡನ ಮಾತು ತೆಗೆಯಬೇಡಿ. ನಮ್ಮ ದೇಶದಲ್ಲಿ ಎಷ್ಟೋ ಹೆಂಗಸರಿಗೆ ಮದುವೆಯೊಳಗೇ ಸೋಂಕು ಬಂದಿದೆ, ನೀನೊಬ್ಬಳೇ ಅಲ್ಲ ಅಂತ ಹೇಳಿ. ಉಳಿದದ್ದು ಒಬ್ಬಳೇ ಕೂತಾಗ.

ರಕ್ತ ತೆಗೆಯುವ ಮುಂಚೆ

ಭಾರತದಲ್ಲಿ ಎಚ್‌ಐವಿ ಮೊದಲು ಗೊತ್ತಾಗಿದ್ದು 1986ರಲ್ಲಿ, ಆಗಿನ ಮದ್ರಾಸಿನಲ್ಲಿ. ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಈ ಕೆಲಸ ಮಾಡಿದರು. ರಕ್ತ ತೆಗೆದದ್ದು ಲೈಂಗಿಕ ಕೆಲಸ ಮಾಡುತ್ತಿದ್ದ ಹೆಂಗಸರಿಂದ, ಅವರನ್ನು ಹಿಡಿದು ಇಟ್ಟಿದ್ದ ನಿಲಯದಲ್ಲಿ. ವೆಲ್ಲೂರಿನಲ್ಲಿ ಪರೀಕ್ಷೆ ಆಯಿತು. ಆ ಇಬ್ಬರು ವೈದ್ಯರ ಬಗ್ಗೆ ನನಗೆ ಬಹಳ ಗೌರವ ಇದೆ, ಅವರಿಂದ ದೇಶ ಎಚ್ಚೆತ್ತುಕೊಂಡಿತು. ಆದರೆ ಯಾವ ರೋಗಕ್ಕೆ ರಕ್ತ ತೆಗೆಯುತ್ತಿದ್ದಾರೆ ಅಂತ ಆ ಹೆಂಗಸರಿಗೆ ಹೇಳಿರಲಿಲ್ಲ. ಆಗ ಈ ರೋಗದ ಹೆಸರು ನಮ್ಮಲ್ಲಿ ಬಹಳ ಜನರಿಗೆ ತಿಳಿದಿರಲಿಲ್ಲ. ಬೀಗದೊಳಗಿದ್ದ ಹೆಂಗಸರ ರಕ್ತದಿಂದ ಶುರುವಾದ ಈ ಕೆಲಸದಲ್ಲಿ ಈಗ ಬೀಗದೊಳಗಿರುವವರನ್ನು ಕೇಳದೆ ಮುಟ್ಟಬಾರದು ಅಂತ ನಾನು ತಿಳಿದಿದ್ದೇನೆ.

ಕಾನೂನೂ ಅದನ್ನೇ ಹೇಳುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ. ಫಲಿತಾಂಶ ಬೇರೆಯವರಿಗೆ ಹೇಳುವಂತಿಲ್ಲ. ಸರ್ಕಾರದ ವಶದಲ್ಲಿ ಇರುವವರಿಗೆ ತಡೆಗಟ್ಟುವ ಸೇವೆ, ಸಮಾಲೋಚನೆ, ಪರೀಕ್ಷೆ, ಚಿಕಿತ್ಸೆ ಪಡೆಯುವ ಹಕ್ಕಿದೆ. ‘ಎಲ್ಲಾರದೂ ಒಮ್ಮೆಲೇ ತೆಗೆದುಬಿಡಿ ಮೇಡಂ’ ಅಂತ ಯಾರಾದರೂ ಹೇಳಿದರೆ, ಜಗಳ ಬೇಡ, ಈ ಕಾಯ್ದೆಯ ಒಂದು ಪ್ರತಿ ಮುಂದಿಡಿ.

ನಾನು ಮಾಡುವ ಕ್ರಮ ಹೀಗೆ. ಬಿಪಿ, ಶುಗರ್, ಹಿಮೋಗ್ಲೋಬಿನ್ ಎಲ್ಲ ಸೇರಿಸಿ ಆರೋಗ್ಯ ತಪಾಸಣೆ ದಿನ ಇಡುತ್ತೇವೆ. ಪ್ರತಿಯೊಬ್ಬಳೂ ಒಬ್ಬೊಬ್ಬಳಾಗಿ ಒಳಗೆ ಬರುತ್ತಾಳೆ. ಎಚ್‌ಐವಿ ಪರೀಕ್ಷೆ ಬೇಕಾ ಬೇಡವಾ ಅನ್ನುವುದನ್ನು ಬಾಗಿಲು ಹಾಕಿದ ಮೇಲೆ ಕೇಳುತ್ತೇನೆ. ಬೇಡ ಅಂದವಳ ಜೊತೆಗೂ ಬೇಕು ಅಂದವಳಷ್ಟೇ ಹೊತ್ತು ಕೂರುತ್ತೇನೆ, ಹತ್ತು ನಿಮಿಷ. ಫಲಿತಾಂಶದ ದಿನವೂ ಅಷ್ಟೇ. ಒಬ್ಬಳ ಜೊತೆ ಇಪ್ಪತ್ತು ನಿಮಿಷ, ಇನ್ನೊಬ್ಬಳ ಜೊತೆ ಎರಡು ನಿಮಿಷ ಕೂತರೆ ಹೊರಗೆ ಕಾಯುತ್ತಿರುವವರು ಲೆಕ್ಕ ಹಾಕಿಬಿಡುತ್ತಾರೆ. ಪಾಸಿಟಿವ್ ಬಂದವಳ ಜೊತೆ ಜಾಸ್ತಿ ಮಾತಾಡಬೇಕು ನಿಜ. ಅದನ್ನು ಬಿಪಿ ನೋಡುವ ನೆಪದಲ್ಲಿ ಮರುದಿನಕ್ಕೆ ಇಟ್ಟುಕೊಳ್ಳಿ.

ಒಂದೇ ಪರೀಕ್ಷೆಯಲ್ಲಿ ಪಾಸಿಟಿವ್ ಅಂತ ಹೇಳಬಾರದು. ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಖಚಿತ ಮಾಡಬೇಕು. ನೆಗೆಟಿವ್ ಬಂದವರಿಗೂ ಕೇಳಿ: ಕಳೆದ ಮೂರು ತಿಂಗಳಲ್ಲಿ ಅಪಾಯ ಆಗುವಂಥದ್ದು ಏನಾದರೂ ನಡೆದಿತ್ತಾ? ಸೋಂಕು ಪರೀಕ್ಷೆಯಲ್ಲಿ ಕಾಣಲು ಮೂರು ತಿಂಗಳವರೆಗೂ ಹಿಡಿಯಬಹುದು. ಹೊಸದಾಗಿ ಬಂದ ವಿಚಾರಣಾ ಬಂದಿಗಳಿಗೆ ಇದು ಮುಖ್ಯ. ಬಲಾತ್ಕಾರ ಆಗಿದೆ ಅಂತ ಯಾರಾದರೂ ಹೇಳಿದರೆ ಬುಧವಾರದವರೆಗೆ ಕಾಯುವ ಮಾತೇ ಇಲ್ಲ. 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಸರ್ಕಾರಿ ಆಸ್ಪತ್ರೆಯಲ್ಲಿ ಪಿಇಪಿ, ಅಂದರೆ ಎಚ್‌ಐವಿ ತಗಲದಂತೆ ತಡೆಯುವ ಮಾತ್ರೆ, ಶುರು ಆಗಬೇಕು. 28 ದಿನ ಬಿಡದೆ ತೊಗೋಬೇಕು. ಜೈಲಿನ ಡಾಕ್ಟರಿಗೂ ವಾರ್ಡರಿಗೂ ಈ 72 ಗಂಟೆಯ ಲೆಕ್ಕ ಬಾಯಿಪಾಠ ಇರಬೇಕು.

ಮಾತ್ರೆಯ ಸಾಲು

ಒಂದು ಜೈಲಿನಲ್ಲಿ, ಹೆಸರು ಬೇಡ, ರಾತ್ರಿ ಮಾತ್ರೆ ಕೊಡುವವರು ಬ್ಯಾರಕ್ಕಿನ ಬಾಗಿಲಲ್ಲಿ ನಿಂತು ‘ಆ ದೊಡ್ಡ ಡಬ್ಬಿಯಾಕೆ ಯಾರು, ಬಾ’ ಅಂತ ಕೂಗುತ್ತಿದ್ದರು. ಕೆಟ್ಟ ಮನಸ್ಸಿನಿಂದ ಅಲ್ಲ. ಆದರೆ ಹದಿನೈದು ದಿನದಲ್ಲಿ ಆ ಹೆಂಗಸು ಮಾತ್ರೆ ನಾಲಿಗೆ ಕೆಳಗಿಟ್ಟುಕೊಂಡು ಬಚ್ಚಲಿನಲ್ಲಿ ಉಗುಳಲು ಶುರು ಮಾಡಿದ್ದಳು. ಅವಳು ತೂಕ ಇಳಿದು, ಕೆಮ್ಮುತ್ತಾ ನನ್ನ ಮುಂದೆ ಕೂತಾಗ ನನಗೆ ತಡೆಯಲಾಗಲಿಲ್ಲ.

ಆಮೇಲೆ ಮಾಡಿದ ಏರ್ಪಾಡು ಇದು. ಎಚ್‌ಐವಿ ಮಾತ್ರೆಯ ಡಬ್ಬಿ ಜೈಲು ಆಸ್ಪತ್ರೆಯಲ್ಲೇ ಇರುತ್ತದೆ. ಬಿಪಿ, ಶುಗರ್, ನಿದ್ದೆ ಮಾತ್ರೆ, ಎಲ್ಲರದ್ದೂ ಆ ದಿನದ್ದು ಒಂದೇ ಥರದ ಕಾಗದದ ಪೊಟ್ಟಣದಲ್ಲಿ, ಮೇಲೆ ನಂಬರ್ ಮಾತ್ರ. ಎಲ್ಲರೂ ಒಂದೇ ಸಾಲು. ಖರ್ಚು ಏನೂ ಇಲ್ಲ. ನಿಮ್ಮ ಜೈಲಿನಲ್ಲಿ ಒಂದೇ ಒಂದು ಬದಲಾವಣೆ ಮಾಡಿಸಲು ಆಗುವುದಾದರೆ ಇದನ್ನೇ ಮಾಡಿಸಿ.

ಎಚ್‌ಐವಿಯನ್ನು ಹತೋಟಿಯಲ್ಲಿಡುವ ಚಿಕಿತ್ಸೆಗೆ ಎಆರ್‌ಟಿ ಅನ್ನುತ್ತಾರೆ. ಈಗಿನ ಎಆರ್‌ಟಿ ಮಾತ್ರೆ, ಟಿಎಲ್‌ಡಿ ಅನ್ನುತ್ತಾರೆ, ದಿನಕ್ಕೆ ಒಂದೇ. ಬಿಡದೆ ತೊಗೊಂಡು, ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಇಳಿದು ಹಾಗೇ ಉಳಿದರೆ, ಕೂಡುವುದರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಈ ಮಾತು ಹೇಳಿದಾಗ ಅವರ ಮುಖ ನೋಡಿ. ಇನ್ನೊಂದು ಸಣ್ಣ ವಿಷಯ ಬಹಳ ಕಡೆ ತಪ್ಪುತ್ತದೆ: ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಅಸಿಡಿಟಿಯ ಆಂಟಾಸಿಡ್ ಮಾತ್ರೆಗಳನ್ನು ಟಿಎಲ್‌ಡಿ ಜೊತೆಗೇ ನುಂಗಿದರೆ ಅದರ ಶಕ್ತಿ ಕುಗ್ಗುತ್ತದೆ. ಟಿಎಲ್‌ಡಿ ತೊಗೊಂಡು ಎರಡು ಗಂಟೆ ಬಿಟ್ಟು ಅವು, ಅಥವಾ ಅವು ತೊಗೊಂಡು ಆರು ಗಂಟೆ ಬಿಟ್ಟು ಟಿಎಲ್‌ಡಿ. ಬಸುರಿಯರಿಗೆ ಕಬ್ಬಿಣದ ಮಾತ್ರೆ ಬೆಳಿಗ್ಗೆ, ಟಿಎಲ್‌ಡಿ ರಾತ್ರಿ ಕೊಟ್ಟರೆ ಗೊಂದಲವೇ ಇಲ್ಲ. ಟಿಬಿ ಮಾತ್ರೆ ಶುರು ಆದರೆ ಎಆರ್‌ಟಿ ಡಾಕ್ಟರಿಗೆ ತಿಳಿಸಲೇಬೇಕು, ಡೋಸ್ ಬದಲಾಗುತ್ತದೆ. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು, ಟಿಬಿಯ ಗುರುತಾದ ಈ ನಾಲ್ಕನ್ನು ಪ್ರತಿ ಸಲವೂ ಕೇಳಿ.

ಬಸುರಿ ಹೆಂಗಸಿಗೆ ಎಚ್‌ಐವಿ ಇದ್ದು ಚಿಕಿತ್ಸೆ ಇಲ್ಲದಿದ್ದರೆ ಮಗುವಿಗೆ ಹೋಗುವ ಸಾಧ್ಯತೆ ನೂರಕ್ಕೆ 15ರಿಂದ 45. ಚಿಕಿತ್ಸೆ ಸರಿಯಾಗಿ ಆದರೆ 5ಕ್ಕಿಂತ ಕಡಿಮೆ. ಮಗುವಿಗೆ ಹುಟ್ಟಿದ ಕೂಡಲೇ ಸೋಂಕು ತಡೆಯುವ ಸಿರಪ್ ಶುರು ಆಗಬೇಕು, ಆರು ವಾರಕ್ಕೆ ಪರೀಕ್ಷೆ. ಮಕ್ಕಳು ಆರು ವರ್ಷದವರೆಗೆ ತಾಯಿಯ ಜೊತೆ ಜೈಲಿನಲ್ಲಿ ಇರಬಹುದು ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಹಾಗಾಗಿ ಪರೀಕ್ಷೆಯ ತಾರೀಖು ಜೈಲು ಆಸ್ಪತ್ರೆಯ ಕ್ಯಾಲೆಂಡರಿನಲ್ಲಿ ಇರಲಿ, ರೋಗದ ಹೆಸರಿಲ್ಲದೆ.

ಒಳಗಿನ ಅಕ್ಕಂದಿರು

ವಾರಕ್ಕೊಮ್ಮೆ ಬರುವ ನಿಮಗಿಂತ ಒಳಗೇ ಇರುವ ಒಬ್ಬ ಹೆಂಗಸಿನ ಮಾತು ದೊಡ್ಡದು. ಮಹಿಳಾ ಕೈದಿಗಳಿಗಾಗಿ ವಿಶ್ವಸಂಸ್ಥೆ 2010ರಲ್ಲಿ ಒಪ್ಪಿದ ಬ್ಯಾಂಕಾಕ್ ನಿಯಮಗಳೂ ಇಂಥ ಜೊತೆಗಾತಿಯರ ಪಾಠಕ್ಕೆ ಒತ್ತು ಕೊಡುತ್ತವೆ. ಆರಿಸುವಾಗ ಹುಷಾರು. ವಿಚಾರಣಾ ಬಂದಿಗಳು ಯಾವಾಗ ಬೇಲ್ ಮೇಲೆ ಹೋಗುತ್ತಾರೋ ತಿಳಿಯದು, ಅದಕ್ಕೆ ಇಬ್ಬರಾದರೂ ಶಿಕ್ಷಾ ಬಂದಿಗಳಿರಲಿ. ಬ್ಯಾರಕ್ಕಿನಲ್ಲಿ ಜೋರು ನಡೆಸುವವಳು ಬೇಡ. ರಾತ್ರಿ ಯಾರಿಗಾದರೂ ಹೊಟ್ಟೆನೋವು ಬಂದರೆ ಯಾರನ್ನು ಎಬ್ಬಿಸುತ್ತೀರಿ ಅಂತ ಎಲ್ಲರನ್ನೂ ಕೇಳಿ. ಹೆಚ್ಚು ಜನ ಹೇಳಿದ ಹೆಸರೇ ಸರಿಯಾದ ಹೆಸರು. ನಮ್ಮಲ್ಲಿ ಸಿಕ್ಕವಳು ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ, ಓದು ಬಾರದ ಅವ್ವ. ಯಾರಿಗೆ ಸೋಂಕಿದೆ ಅಂತ ಅವಳಿಗೆ ಗೊತ್ತಿರಬಾರದು, ಅವಳು ಕೇಳಲೂ ಬಾರದು.

ಹೊರಗೆ ಹೋಗುವ ದಿನ

ಕಾಂಡೋಮ್ ಪಾಠವನ್ನು ನಾಚಿಕೊಂಡು ಬಿಡಬೇಡಿ. ಇವತ್ತಲ್ಲ ನಾಳೆ ಎಲ್ಲರೂ ಮನೆಗೆ ಹೋಗುವವರು. ಅಡುಗೆ ಮನೆಯಿಂದ ಒಂದು ಬಾಳೆಕಾಯಿ ತರಿಸಿ ತೋರಿಸಿ. ತಾರೀಖು ನೋಡುವುದು, ಹಲ್ಲಿನಿಂದ ಕಚ್ಚಿ ಹರಿಯಬಾರದು, ತುದಿ ಹಿಂಡಿ ಗಾಳಿ ತೆಗೆಯುವುದು, ಒಂದು ಸಲಕ್ಕೆ ಒಂದೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಗಂಡನಿಗೆ ಹೇಳುವುದು ಹೇಗೆ ಅಂತ ಇಬ್ಬಿಬ್ಬರು ಆಡಿ ತೋರಿಸಲಿ. ‘ಹೊಡೆದರೆ?’ ಅನ್ನುವವಳಿಗೆ ಸುಮ್ನೆ ಧೈರ್ಯ ಹೇಳಬೇಡಿ, ಎಲ್ಲಿ ಹೋಗಬಹುದು ಅಂತ ಕೂತು ಯೋಚಿಸಿ. ತನ್ನ ಸೋಂಕಿನ ವಿಷಯ ಗಂಡನಿಗೆ ತಿಳಿದರೆ ಹೊಡೆತ, ಮನೆಯಿಂದ ಹೊರಹಾಕುವ ಭಯ ಇದ್ದರೆ, ಆರೋಗ್ಯ ಸಿಬ್ಬಂದಿ ಅವನಿಗೆ ಹೇಳಬಾರದು ಅಂತ 2017ರ ಕಾಯ್ದೆಯಲ್ಲೇ ಇದೆ.

ಬೇಲ್ ಆದೇಶ ಸಂಜೆ ಹೊತ್ತಿಗೆ ಬರುತ್ತದೆ. ಹೆಸರು ಕೂಗಿದ ಮೇಲೆ ಯಾರೂ ಒಂದು ಕ್ಷಣ ನಿಲ್ಲುವುದಿಲ್ಲ. ಮಾತ್ರೆ ಆಸ್ಪತ್ರೆಯ ಕಪಾಟಿನಲ್ಲೇ ಉಳಿಯುತ್ತದೆ, ಹೊಸ ಊರಿನ ಎಆರ್‌ಟಿ ಕೇಂದ್ರ ಎಲ್ಲಿದೆ ಅಂತ ತಿಳಿಯುವುದಿಲ್ಲ, ಎರಡು ತಿಂಗಳು ಕಳೆದೇ ಹೋಗುತ್ತದೆ. ನನ್ನ ಕೈತಪ್ಪಿ ಹೋದವರೆಲ್ಲ ಹೀಗೇ ಹೋದವರು.

ಅದಕ್ಕೆ ಚಿಕಿತ್ಸೆ ಶುರುವಾದ ದಿನವೇ ಬಿಡುಗಡೆಯ ತಯಾರಿ ಮಾಡಿ. ಎಆರ್‌ಟಿ ನಂಬರ್, ತನ್ನ ಊರಿಗೆ ಹತ್ತಿರದ ಕೇಂದ್ರದ ಹೆಸರು, ಪುಕ್ಕಟೆ ಸಹಾಯವಾಣಿ 1097, ಮೂರನ್ನೂ ಅವಳು ಬಾಯಿಪಾಠ ಮಾಡಲಿ. ಪ್ರತಿ ಬುಧವಾರ ಕಿವಿಯಲ್ಲಿ ಹೇಳಿಸಿ. ಜೈಲಿಗೆ ಬಂದಾಗ ತೆಗೆದಿಟ್ಟುಕೊಂಡ ತಾಳಿ, ಓಲೆ, ದುಡ್ಡು ಗೇಟಿನ ಕಚೇರಿಯಲ್ಲಿ ಇರುತ್ತವಲ್ಲ, ಬಿಡುಗಡೆ ದಿನ ಅದನ್ನು ಮಾತ್ರ ಯಾರೂ ಬಿಟ್ಟು ಹೋಗುವುದಿಲ್ಲ. ಸೂಪರಿಂಟೆಂಡೆಂಟರನ್ನು ಒಪ್ಪಿಸಿ, ಅವಳ ಅನುಮತಿ ಪಡೆದು, ಆ ಗಂಟಿನ ಜೊತೆ ಒಂದು ಹೊಲಿದ ಬಟ್ಟೆ ಚೀಲ ಇಡಿಸಿ. ಒಳಗೆ ಬಿಚ್ಚದ ಒಂದು ತಿಂಗಳ ಡಬ್ಬಿ, ಅವಳ ಎಆರ್‌ಟಿ ಚಿಕಿತ್ಸೆಯ ವಿವರ ಇರುವ ಹಸಿರು ಪುಸ್ತಕದ ಜೆರಾಕ್ಸ್, ವರ್ಗಾವಣೆ ಚೀಟಿ. ಮೇಲೆ ನಂಬರ್ ಮಾತ್ರ. ಎಚ್‌ಐವಿ ಇಲ್ಲದವರಿಗೂ ಅಂಥದ್ದೇ ಚೀಲ ಹೊಲಿಸಿ, ಅದರಲ್ಲಿ ಪ್ಯಾಡ್, ಕಾಂಡೋಮ್, ಬಿಪಿ ಚೀಟಿ ಹಾಕಿ. ನಮ್ಮಲ್ಲಿ ಆ ಚೀಲಗಳನ್ನು ಹೊಲಿಯುತ್ತಿದ್ದದ್ದು ಹೊಲಿಗೆ ವಿಭಾಗದ ಹೆಂಗಸರೇ, ಹಳೆ ಸೀರೆಯಿಂದ. ಡಬ್ಬಿಯ ಮೇಲಿನ ತಾರೀಖನ್ನು ಮೂರು ತಿಂಗಳಿಗೊಮ್ಮೆ ನೋಡಿ, ಮುಗಿಯುತ್ತಾ ಬಂದಿದ್ದರೆ ಬದಲಿಸಿ.